ಬೀಗದಜ್ಜನ ಬಲಗೈ

ಮಂಜು ಇನ್ನೂ ಮೇಲೆದ್ದಿರಲಿಲ್ಲ. ಎದುರು ಮನೆಯ ಕಿಟಕಿಯೂ ಕಾಣದಷ್ಟು ದಟ್ಟವಾಗಿ ಓಣಿಯ ತುಂಬ ಕೂತಿತ್ತು. ಆ ಮಂಜಿನೊಳಗೆ ಮಗಳು ಮೊಣಕಾಲೂರಿ, ಅಪ್ಪನ ಅಂಗಡಿಯ ಬಾಗಿಲಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಪಕ್ಕದ ಕ್ಷೌರದಂಗಡಿಯವನು ಬಾಗಿಲನ್ನು ತಬ್ಬಿ ಹಿಡಿದು ನಿಂತಿದ್ದ.

“ನಿಧಾನ ಕಣಮ್ಮ. ಇದು ನನ್ನ ಮೇಲೆ ಬಿದ್ರೆ ಇವತ್ತು ಎರಡು ಬಾಗಿಲು ಬಿಚ್ಚಬೇಕಾಗುತ್ತೆ.”

“ಬಾಯಿ ಮುಚ್ಚಿ ಗಟ್ಟಿಯಾಗಿ ಹಿಡ್ಕೋ ಅಣ್ಣ.”

ಹೆಣ ಸಾಗಿಸುವ ಗಾಡಿ ಈ ಓಣಿಯೊಳಗೆ ಬರುವಂತಿರಲಿಲ್ಲ. ಎರಡೂ ತುದಿಗೆ ಕಾವಲು ಚೌಕಿಯವರು ಕಾಂಕ್ರೀಟ್ ದಿಮ್ಮಿಗಳನ್ನು ಅಡ್ಡ ಇಟ್ಟಿದ್ದರು. ಅವುಗಳ ಮೇಲೆ ‘ತಾತ್ಕಾಲಿಕ’ ಎಂದು ಬರೆದ ಬಣ್ಣ ಮಾಸಿ, ಮತ್ತೆ ಬಳಿದು, ಮತ್ತೆ ಮಾಸಿತ್ತು. ಹಾಗಾಗಿ ಇಲ್ಲಿ ಸತ್ತವರು ತಮ್ಮ ಬಾಗಿಲಿನ ಮೇಲೆಯೇ ಮಲಗಿ ಹೋಗುತ್ತಿದ್ದರು. ಮಣ್ಣು ಮಾಡಿ ಬಂದ ಮೇಲೆ ಅದೇ ಬಾಗಿಲನ್ನು ತೊಳೆದು ಮತ್ತೆ ಕೂಡಿಸುತ್ತಿದ್ದರು.

ಒಳಗೆ ಅಮ್ಮ, ಓಣಿಗೆಲ್ಲ ಬೀಗದಜ್ಜನಾಗಿದ್ದ ಅಪ್ಪನ ಬಲಗೈಯನ್ನು ನೀವುತ್ತಿದ್ದರು. ಬೀಗದಕೈ ಉಜ್ಜುವ ಅರ ಹಿಡಿದು ಹಿಡಿದು ಬಾಗಿದ ಬೆರಳುಗಳು ಸತ್ತ ಮೇಲೂ ಅರ್ಧ ಮಡಚಿಯೇ ಉಳಿದಿದ್ದವು. ಎಷ್ಟು ನೀವಿದರೂ ನೆಟ್ಟಗಾಗಲಿಲ್ಲ.

“ಬಿಡಮ್ಮ. ಹಾಗೇ ಇರಲಿ,” ಎಂದಳು ಮಗಳು ಒಳಗೆ ಬಂದು.

“ಚೌಕಿಗೆ ಹೋಗ್ತೀಯಲ್ಲ, ಮಣ್ಣಿಗೆ ಒಯ್ಯೋ ಅಪ್ಪಣೆ ಕೇಳೋಕೆ? ಆ ಮಾತೂ ಕೇಳು.”

“ಯಾವ ಮಾತು?”

“ಗೊತ್ತಿದ್ದೂ ಕೇಳ್ತೀಯಲ್ಲೇ. ಟೀಚರಮ್ಮನ ಬೀಗದಕೈ. ಅದು ಅವರ ಅಂಗೈಗೆ ಸೇರೋ ತನಕ ನನ್ನನ್ನ ಮಣ್ಣಿಗೆ ಇಳಿಸಬೇಡಿ ಅಂದ್ರು ನಿಮ್ಮಪ್ಪ. ಕೊನೇದಾಗಿ ಆಡಿದ್ದು ಅದೊಂದೇ. ನನಗೂ ಏನೂ ಹೇಳಲಿಲ್ಲ, ನಿನಗೂ ಏನೂ ಹೇಳಲಿಲ್ಲ.”

ಹೊರಗಿನಿಂದ ಕ್ಷೌರದವನು ಇಣುಕಿದ. “ಚೌಕಿಯವರು ಕೊಟ್ಟರೂ ಟೀಚರಮ್ಮ ಬಾಗಿಲು ತೆಗೀಬೇಕಲ್ಲ, ಅತ್ತೆ?”

ಅಮ್ಮ ಆ ಮಡಚಿದ ಕೈಯನ್ನು ಅಜ್ಜನ ಎದೆಯ ಮೇಲಿಟ್ಟು ಬಿಳಿ ಬಟ್ಟೆ ಹೊದಿಸಿದರು.

*

ಮಾರುಕಟ್ಟೆಯಲ್ಲಿ ಬಾಂಬು ಸಿಡಿದದ್ದು ಬೀಗದಜ್ಜನಿಗೆ ಇನ್ನೂ ಕೂದಲು ಕಪ್ಪಗಿದ್ದ ಕಾಲದಲ್ಲಿ. ಸಿಡಿಸಿದವರು ಪಕ್ಕದ ಬೀದಿಯ ಪಾಳುಮನೆಯೊಂದರಲ್ಲಿ ಅಡಗಿದ್ದರಂತೆ. ಭದ್ರತಾ ಪಡೆಯವರು ಬೀಗ ಒಡೆಯುವಷ್ಟರಲ್ಲಿ ಹಿತ್ತಿಲಿನಿಂದ ಓಡಿಹೋಗಿದ್ದರಂತೆ. ಅದಾದ ಮೇಲೆ ಓಣಿಗೊಂದು ಚೌಕಿ ಬಂತು. ಚೌಕಿಯ ಹಿಂದೆಯೇ ಆಜ್ಞೆ ಬಂತು: ಪ್ರತಿ ಮನೆಯ ಇನ್ನೊಂದು ಬೀಗದಕೈ ಚೌಕಿಯಲ್ಲಿರಬೇಕು. ಭಯೋತ್ಪಾದಕರ ಮೇಲಿನ ಯುದ್ಧ ಮುಗಿಯುವ ತನಕ ಮಾತ್ರ.

ಆಗ ಬೇಡ ಎಂದವರು ಯಾರೂ ಇಲ್ಲ. ಬೀದಿಯ ರಕ್ತದ ಕಲೆ ಇನ್ನೂ ಹೋಗಿರಲಿಲ್ಲ. ಜನ ತಾವಾಗಿಯೇ ಬೀಗದಕೈ ಹಿಡಿದು ಅಜ್ಜನ ಅಂಗಡಿಯ ಮುಂದೆ ಸಾಲು ನಿಂತರು. ಟೀಚರಮ್ಮನೂ ನಿಂತಿದ್ದರು, ಪುಟ್ಟ ಮಗನ ಕೈ ಹಿಡಿದುಕೊಂಡು.

ಅಜ್ಜನಿಗೆ ಕೆಲಸ ಕಲಿಸಿದ ಗುರು ಒಂದೇ ಒಂದು ನೇಮ ಹೇಳಿಕೊಟ್ಟಿದ್ದ. ಮಾಡಿದ ಬೀಗದಕೈಯನ್ನು ಮನೆಯವರ ಅಂಗೈಯಲ್ಲೇ ಇಡಬೇಕು. ಮೇಜಿನ ಮೇಲೆ ಇಟ್ಟುಹೋಗಬಾರದು, ಇನ್ನೊಬ್ಬರ ಕೈಯಲ್ಲಿ ಕಳಿಸಬಾರದು. ಅಜ್ಜ ಆ ನೇಮವನ್ನು ಪೂಜೆಯಂತೆ ನಡೆಸಿಕೊಂಡು ಬಂದಿದ್ದ. ಯಾರಾದರೂ ಹೊಗಳಿದರೆ, “ಕಾಯೋನು ಮೇಲೊಬ್ಬ ಇದ್ದಾನಪ್ಪ, ನಾನು ಬರೀ ಹಿತ್ತಾಳೆ ಉಜ್ಜೋನು,” ಎನ್ನುತ್ತಿದ್ದ.

ಆ ಸಲ ಓಣಿಯ ಬೀಗದಕೈಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಚೌಕಿಯ ಮೇಜಿನ ಮೇಲೆ ಸುರಿದು ಬಂದ. ಮನೆಗೆ ಬಂದವನು ಊಟದ ತಟ್ಟೆ ಸರಿಸಿ, “ಇವತ್ತು ಮೇಲಿನವನ ಕೆಲಸಕ್ಕೆ ನಾನು ಕೈ ಹಾಕಿಬಿಟ್ಟೆ ಕಣೇ,” ಎಂದು ಹೆಂಡತಿಗೆ ಹೇಳಿದ.

ವರ್ಷಗಳು ಸರಿದವು. ಟೀಚರಮ್ಮನ ಮಗ ಕಾಲೇಜಿಗೆ ಹೋಗುವ ಹೊತ್ತಿಗೆ, ಯಾರದೋ ಬಾಯಿಂದ ಅವನ ಹೆಸರು ಬಂತು. ನಸುಕಿನಲ್ಲಿ ಪಡೆಯವರು ಬಂದರು. ಬಾಗಿಲು ಬಡಿಯಲಿಲ್ಲ, ಒಡೆಯಲೂ ಇಲ್ಲ. ಟೀಚರಮ್ಮ ಎದ್ದು ನೋಡಿದಾಗ ಮಗನ ಹಾಸಿಗೆ ಖಾಲಿಯಾಗಿತ್ತು, ಬಾಗಿಲಿಗೆ ಮತ್ತೆ ಬೀಗ ಬಿದ್ದಿತ್ತು. ತಪ್ಪಿಲ್ಲವೆಂದು ತಿಳಿದು ಅವನನ್ನು ಬಿಟ್ಟು ಕಳಿಸುವಷ್ಟರಲ್ಲಿ ಎರಡು ಬೇಸಿಗೆ ಕಳೆದಿದ್ದವು. ಹುಡುಗ ಬಂದ. ಆದರೆ ಬಾಗಿಲಿರುವ ಯಾವ ಕೋಣೆಯಲ್ಲೂ ಅವನು ಮಲಗಲಾರ. ಇಂದಿಗೂ ಬಿಸಿಲಿರಲಿ ಚಳಿಯಿರಲಿ, ತಾರಸಿಯ ಮೇಲೆ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾನೆ.

ಮಗನನ್ನು ಕರೆದೊಯ್ದ ದಿನ ಟೀಚರಮ್ಮ ಅಂಗಡಿಯ ಮುಂದೆ ಬಂದು ನಿಂತಿದ್ದರು. ಬೈಯಲಿಲ್ಲ.

“ಎಷ್ಟು ಚೆನ್ನಾಗಿ ಮಾಡಿದೀಯಪ್ಪ. ಒಂದು ಚೂರೂ ಸದ್ದಾಗಲಿಲ್ಲ,” ಎಂದರು. “ಸ್ವಲ್ಪ ಕೆಟ್ಟದಾಗಿ ಮಾಡಬಾರದಿತ್ತಾ? ಒಂದಿಷ್ಟು ಕಿರುಗುಟ್ಟೋ ಹಾಗಾದ್ರೂ? ನನಗೆ ಎಚ್ಚರ ಆಗ್ತಿತ್ತು.”

ಅಜ್ಜನ ಕೈಯಲ್ಲಿದ್ದ ಅರ ನಿಂತಿತು. ಅದೇ ಕೊನೆ. ಟೀಚರಮ್ಮ ಮತ್ತೆ ಆ ಮನೆಯವರೊಂದಿಗೆ ಮಾತಾಡಲಿಲ್ಲ.

*

ಚೌಕಿಯ ಗೋಡೆಯ ತುಂಬ ಒಂದು ಹಲಗೆ. ಹಲಗೆಯ ತುಂಬ ಮೊಳೆಗಳು. ಒಂದೊಂದು ಮೊಳೆಗೂ ಒಂದೊಂದು ಬೀಗದಕೈ ತೂಗುತ್ತಿತ್ತು. ಎಲ್ಲವೂ ಅಪ್ಪನ ಕೈಕೆಲಸ. ಎಲ್ಲದರ ತಲೆಯ ಮೇಲೂ ಅಪ್ಪನೇ ಕೊರೆದ ಮನೆಸಂಖ್ಯೆ. ಮಗಳು ಆ ಕಡೆ ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಯಿತು.

ಅಧಿಕಾರಿ ತೀರ ಎಳೆಯವನು. ಮಾರುಕಟ್ಟೆಯಲ್ಲಿ ಬಾಂಬು ಸಿಡಿದಾಗ ಹುಟ್ಟಿಯೂ ಇರಲಿಲ್ಲವೇನೋ. ಮೂಲೆಯಲ್ಲಿ ಮುದಿ ಹವಾಲ್ದಾರ ಚಹಾದ ಲೋಟ ತೊಳೆಯುತ್ತಿದ್ದ.

“ಹೆಣದ ಜೊತೆ ಹತ್ತು ಜನ. ಅದಕ್ಕಿಂತ ಹೆಚ್ಚು ಬೇಡ. ಇಲ್ಲಿ ಚೌಕಿ ಮುಂದೆ ನಿಲ್ಲಿಸಿ, ತಪಾಸಣೆ ಆದ ಮೇಲೆ ಹೋಗಿ.”

“ಹೆಣಕ್ಕೂ ತಪಾಸಣೆನಾ ಸಾರ್?”

“ಹೆಣದ ಬಟ್ಟೆಯೊಳಗೇ ಸಿಡಿಮದ್ದು ಸಾಗಿಸಿದ್ದಾರಮ್ಮ ಬೇರೆ ಕಡೆ. ನನಗೇನು ಖುಷಿನಾ?”

ಮಗಳು ಹಲಗೆಯ ಕಡೆ ಕೈ ತೋರಿಸಿದಳು. “ಇನ್ನೊಂದು ಮಾತು ಸಾರ್. ಟೀಚರಮ್ಮನ ಮನೆ ಕೀ ವಾಪಸ್ ಕೊಡಿ. ನಮ್ಮಪ್ಪನ ಕೊನೇ ಆಸೆ. ಯುದ್ಧ ಗೆದ್ವಿ ಅಂತ ರೇಡಿಯೋದಲ್ಲಿ ಹೇಳಿದ್ರಲ್ಲ? ನೀವೇ ಸಿಹಿ ಹಂಚಿದ್ರಿ.”

“ಗೆದ್ದಿದ್ದು ನಿಜ. ಮುಗೀತು ಅಂತ ಯಾರು ಹೇಳಿದ್ರು?” ಅವನು ಕಣ್ಣುಜ್ಜಿಕೊಂಡ. ನಿದ್ದೆಗೆಟ್ಟ ಕಣ್ಣುಗಳು. “ನೋಡಮ್ಮ, ಮುಂದುವರಿಸೋ ಅಧಿಕಾರ ನನಗೆ ಕೊಟ್ಟಿದ್ದಾರೆ. ಮುಗೀತು ಅನ್ನೋ ಅಧಿಕಾರ ಯಾರ ಹತ್ರ ಇದೆಯೋ ನನಗೂ ಗೊತ್ತಿಲ್ಲ. ನಾನಿವತ್ತು ಒಂದು ಕೀ ಕೊಟ್ಟು, ನಾಳೆ ಎಲ್ಲೋ ಏನೋ ಸಿಡಿದ್ರೆ? ಸತ್ತವರ ತಾಯಂದಿರ ಮುಂದೆ ಯಾರು ಹೋಗಿ ನಿಲ್ತಾರೆ? ನೀವಾ?”

ಅವಳು ಎದ್ದು ಹೊರಟಾಗ ಅವನು ಕರೆದ.

“ಹಿಂದಿನ ಬೀದಿಯವರ ಕೀ ಕೂಡ ಮಾಡಿಸಬೇಕು. ನಿಮ್ಮ ಮನೇಲಿ ಆ ಕೆಲಸ ಯಾರು ಕಲಿತಿದ್ದಾರೆ?”

ಹವಾಲ್ದಾರನ ಕೈಯ ಲೋಟ ಸದ್ದು ನಿಲ್ಲಿಸಿತು. ಅಪ್ಪ ಹಾಸಿಗೆ ಹಿಡಿದ ಮೇಲೆ ಅಂಗಡಿಯಲ್ಲಿ ಅರ ಹಿಡಿದವಳು ಯಾರೆಂದು ಅವನು ನೋಡಿದ್ದ. ಮಗಳು ಹಿತ್ತಾಳೆಯ ಪುಡಿ ಕೂತಿದ್ದ ಉಗುರುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಯಾರೂ ಇಲ್ಲ ಸಾರ್. ಅಪ್ಪನ ಜೊತೆಗೇ ಹೋಯ್ತು.”

ಅಧಿಕಾರಿ ಹವಾಲ್ದಾರನ ಕಡೆ ನೋಡಿದ. “ಹೌದೇನ್ರೀ?”

“ಹೌದು ಸಾರ್,” ಎಂದ ಹವಾಲ್ದಾರ. ಲೋಟವನ್ನು ಮತ್ತೆ ತೊಳೆಯತೊಡಗಿದ.

*

ಹವಾಲ್ದಾರನಿಗೂ ಅಜ್ಜನಿಗೂ ಹಳೆಯ ಮಾತುಕತೆ. ಪ್ರತಿ ವಾರ ಅಜ್ಜ ಚೌಕಿಯ ಮೆಟ್ಟಿಲ ಬಳಿ ಬಂದು ಕೇಳುತ್ತಿದ್ದ:

“ಮುಗೀತಾ ಸಾಹೇಬ್ರೇ?”

“ಇನ್ನೂ ಇಲ್ಲ ಅಜ್ಜ.”

“ಮುಗಿದಾಗ ಮೊದಲು ಟೀಚರಮ್ಮನದು ಕೊಡಿ. ನನ್ನ ಕೈಗೆ ಕೊಡಿ, ನಾನು ಅವರ ಕೈಗೆ ಕೊಡ್ತೀನಿ. ಆ ಲೆಕ್ಕ ನನ್ನದು.”

“ನನ್ನನ್ನ ಮೂರು ತಿಂಗಳಿಗೆ ಅಂತ ಇಲ್ಲಿಗೆ ಹಾಕಿದ್ರು ಅಜ್ಜ. ಹಲ್ಲೆಲ್ಲ ಇಲ್ಲೇ ಉದುರಿದವು. ನಿನ್ನ ಕೀ ಯಾವಾಗ ಕೊಡಲಿ ನಾನು?”

“ನಿಮಗೂ ಬೀಗ ಬಿದ್ದಿದೆ ಅನ್ನಿ.”

ಇಬ್ಬರೂ ನಗುತ್ತಿದ್ದರು. ಅಜ್ಜ ಏಳಲಾರದೆ ಮಲಗಿದ ವಾರ ಹವಾಲ್ದಾರ ತಾನೇ ಮನೆಯ ಬಾಗಿಲಿಗೆ ಬಂದ. ಚೌಕಿಯ ಹಲಗೆಯಲ್ಲಿ ಆ ಬಾಗಿಲಿನ ಬೀಗದಕೈಯೂ ತೂಗುತ್ತಿತ್ತು, ಆದರೂ ಬಾಗಿಲು ಬಡಿದ. ಒಳಗೆ ಬಂದು ಟೋಪಿ ತೆಗೆದು, ಕೇಳುವ ಮೊದಲೇ ಹೇಳಿದ: “ಇನ್ನೂ ಇಲ್ಲ ಅಜ್ಜ.” ಅಜ್ಜ ಕಣ್ಣು ಮುಚ್ಚಿಯೇ ತಲೆಯಾಡಿಸಿದ್ದ.

*

ಬಾಗಿಲಿನ ಮೇಲೆ ಅಜ್ಜನನ್ನು ಮಲಗಿಸಿ ಎತ್ತಿದರು. ಮಂಜು ಕರಗಲೋ ಬೇಡವೋ ಎನ್ನುವಂತಿತ್ತು. ಮಾರುಕಟ್ಟೆಯಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಹಣ್ಣಿನಂಗಡಿಯವನು ಊರುಗೋಲು ಊರುತ್ತ ಜೊತೆಗೆ ಬಂದ.

“ಸತ್ತ ಮೇಲೂ ಚೌಕಿ ಮುಂದೆ ನಿಲ್ಲಬೇಕಲ್ಲಪ್ಪ,” ಎಂದ ಹೆಗಲು ಕೊಟ್ಟಿದ್ದ ಕ್ಷೌರದವನು.

“ಚೌಕಿ ಬಂದ ಮೇಲೆ ಇಲ್ಲಿ ಒಂದು ಪಟಾಕಿನೂ ಸಿಡಿದಿಲ್ಲ. ಅದನ್ನೂ ಹೇಳು,” ಎಂದ ಹಣ್ಣಿನವನು.

“ಪಟಾಕಿ ಹಚ್ಚೋಕೇ ಬಿಟ್ಟಿಲ್ಲವಲ್ಲ, ಸಿಡಿಯೋದು ಎಲ್ಲಿಂದ?”

“ನಿನಗೆ ಎರಡು ಕಾಲಿದೆ, ನಗ್ತೀಯ.”

ಕ್ಷೌರದವನು ಬಾಗಿಲನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಊರುಗೋಲಿನ ಟಕ್ ಟಕ್ ಒಂದೇ ಕೇಳಿಸುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಹಣ್ಣಿನವನೇ ಮಾತಾಡಿದ: “ಇಲ್ಲದ ಕಾಲು ಇವತ್ತಿಗೂ ನೋಯುತ್ತೆ ಕಣಯ್ಯ. ಡಾಕ್ಟರು ಗಾಯ ಮಾಗಿದೆ ಅಂತಾರೆ. ಕಾಲಿಗೆ ಯಾರು ಹೇಳಬೇಕು?”

ಚೌಕಿಯ ಮುಂದೆ ಎರಡು ಪೀಪಾಯಿಗಳ ಮೇಲೆ ಬಾಗಿಲನ್ನಿಳಿಸಿದರು. ಅಧಿಕಾರಿ ಮೆಟ್ಟಿಲ ಮೇಲೆ ನಿಂತಿದ್ದ. ಅಮ್ಮ ಹೆಣಕ್ಕೆ ಅಡ್ಡ ನಿಂತರು.

“ನನ್ನ ಗಂಡನ್ನ ಯಾರೂ ಮುಟ್ಟಬೇಡಿ.”

“ಬಟ್ಟೆ ತೆಗೀರಿ,” ಎಂದ ಅಧಿಕಾರಿ.

ಹೆಗಲು ಕೊಟ್ಟವರು ಒಬ್ಬರಿಗೊಬ್ಬರು ಒತ್ತಿಕೊಂಡರು. ಪಡೆಯವರಿಬ್ಬರು ಬಂದೂಕಿನ ಪಟ್ಟಿ ಸರಿಪಡಿಸಿಕೊಂಡರು. ಆಗ ಹವಾಲ್ದಾರ ಒಳಗಿನಿಂದ ಬಂದ. ಹೂಜಿಯ ನೀರು ಬಗ್ಗಿಸಿ ಎರಡೂ ಕೈ ತೊಳೆದು, ಜೇಬಿನ ಕರವಸ್ತ್ರದಲ್ಲಿ ಒರೆಸಿಕೊಂಡ.

“ನಾನು ನೋಡ್ತೀನಿ ತಾಯಿ. ಬಟ್ಟೆ ತೆಗೆಯಲ್ಲ.”

ಅಮ್ಮ ಅವನ ಮುಖ ನೋಡಿದರು. ಪಕ್ಕಕ್ಕೆ ಸರಿದರು.

ಅವನು ಬಟ್ಟೆಯ ಅಡಿಯಲ್ಲಿ ಕೈ ತೂರಿಸಿ ತಲೆಯ ಕೆಳಗೆ, ಬೆನ್ನ ಕೆಳಗೆ, ಪಕ್ಕೆಗಳ ಉದ್ದಕ್ಕೂ ಸವರಿದ. ಎದೆಯ ಹತ್ತಿರ ಬಂದಾಗ ಕೈ ತಡೆಯಿತು.

“ಏನಾದ್ರೂ ಇದೆಯಾ?”

“ಏನೂ ಇಲ್ಲ ಸಾರ್. ಅಜ್ಜನ ಕೈ ತಣ್ಣಗಿದೆ. ಅಷ್ಟೇ.”

“ಇರಿ, ನಾನೂ ನೋಡ್ತೀನಿ.” ಅಧಿಕಾರಿ ಇಳಿದು ಬಂದ. ಹವಾಲ್ದಾರನ ಕುತ್ತಿಗೆಯ ನರವೊಂದು ಹೊಡೆದುಕೊಳ್ಳುತ್ತಿತ್ತು. ಅಧಿಕಾರಿ ಬಟ್ಟೆಯ ತುದಿ ಎತ್ತಿದ. ಅಜ್ಜನ ಮುಖ, ಬಿಳಿ ಹುಬ್ಬು, ನಿದ್ದೆ ಹೋದವನಂತೆ ಸಡಿಲಗೊಂಡ ತುಟಿ. ಎಳೆಯ ಅಧಿಕಾರಿ ಕ್ಷಣ ನೋಡಿದ. ಬಟ್ಟೆಯನ್ನು ಮೆಲ್ಲಗೆ ಬಿಟ್ಟ.

“ಹೋಗಿ.”

*

ಟೀಚರಮ್ಮನ ಮನೆ ಓಣಿಯ ಕೊನೆಗಿತ್ತು. ದಿಮ್ಮಿಗಳ ತನಕ ಹವಾಲ್ದಾರ ಜೊತೆಗೆ ಬರಬೇಕೆಂದು ನಿಯಮ. ಅಧಿಕಾರಿ ಮೆಟ್ಟಿಲಿನಿಂದಲೇ ನೋಡುತ್ತಿದ್ದ. ಮಂಜು ತೆಳುವಾಗಿ, ಅವನ ಟೋಪಿಯ ಬಿಲ್ಲೆ ಹೊಳೆಯುತ್ತಿತ್ತು.

“ಇಳಿಸಿ ಇಲ್ಲಿ,” ಎಂದರು ಅಮ್ಮ.

“ಅಮ್ಮ, ಚೌಕಿಯವರು ಕೀ ಕೊಡಲಿಲ್ಲ ಅಂದೆನಲ್ಲ. ಬರಿಗೈಯಲ್ಲಿ ಏನಂತ ನಿಲ್ಲೋದು?”

“ನಿಮ್ಮಪ್ಪ ನಿಲ್ಲಲಿ. ನಾವು ಹೇಳ್ಕೊಂಡು ಕ್ಷಮೆ ಕೇಳಿ ಹೋಗೋಣ.”

ಟೀಚರಮ್ಮನ ಜಗಲಿಯ ಮೇಲೆ ಬಾಗಿಲನ್ನಿಳಿಸಿದರು. ಹೊದಿಕೆ ಜಾರಿತ್ತು. ಸರಿಪಡಿಸಲು ಅಮ್ಮ ಒಳಗೆ ಕೈ ಹಾಕಿದರು. ಮಡಚಿದ ಆ ಬಲಗೈ ಬೆಳಿಗ್ಗೆ ಖಾಲಿಯಿತ್ತು. ಈಗ ಅದರ ಟೊಳ್ಳಿನಲ್ಲಿ ಏನೋ ಇತ್ತು. ಲೋಹ. ಅವರ ಬೆರಳಿಗೆ ಹಲ್ಲುಗಳು ತಾಗಿದವು. ಆಮೇಲೆ ತಲೆ, ತಲೆಯ ಮೇಲೆ ಕೊರೆದ ಅಂಕಿ. ಎಷ್ಟೋ ವರ್ಷದಿಂದ ಅವರು ಹಾದುಹೋಗುತ್ತಿದ್ದ, ಈಗ ಎದುರಿಗಿದ್ದ ಬಾಗಿಲಿನ ಅಂಕಿ.

ಅಮ್ಮ ತಲೆಯೆತ್ತಿ ಹವಾಲ್ದಾರನನ್ನು ಹುಡುಕಿದರು. ಅವನು ಬೆನ್ನು ತಿರುಗಿಸಿ, ಚೌಕಿಗೂ ಹೆಣಕ್ಕೂ ನಡುವೆ ಗೋಡೆಯಂತೆ ನಿಂತಿದ್ದ.

ಅಮ್ಮ ಎದ್ದು ಟೀಚರಮ್ಮನ ಬಾಗಿಲು ಬಡಿದರು. ಒಳಗಿನಿಂದ ಸದ್ದಿಲ್ಲ. ಮತ್ತೆ ಬಡಿದರು.

“ಟೀಚರಮ್ಮ, ನಾನು ಬೀಗದವರ ಮನೆಯವಳು. ಅವರು ಬಂದಿದ್ದಾರೆ.”

ತಾರಸಿಯ ಅಂಚಿನಲ್ಲಿ ಗಡ್ಡದ ಮುಖವೊಂದು ಇಣುಕಿತು. ಬಹಳ ಹೊತ್ತಿನ ಮೇಲೆ, “ಅಮ್ಮ,” ಎಂದಿತು ಒಳಕ್ಕೆ ಕೇಳುವಂತೆ, “ಬಡೀತಿದ್ದಾರಮ್ಮ. ಬಡಿಯೋರು. ತೆಗಿ.”

ಅಗುಳಿ ಸರಿಯಿತು. ಟೀಚರಮ್ಮ ಹೊಸ್ತಿಲ ಮೇಲೆ ನಿಂತರು. ಬಹಳ ಮುದುಕಿಯಾಗಿದ್ದರು.

“ಏನು ಹೇಳೋಕೆ ಕರ್ಕೊಂಡು ಬಂದ್ರಿ ಇವರನ್ನ?”

“ನಾನೇನೂ ಹೇಳಲ್ಲ. ಒಂದು ಸಲ ಅವರ ಕೈ ಮುಟ್ಟಿ. ಕೋಪ ಇದ್ರೆ ಇರಲಿ, ಇಟ್ಕೊಂಡೇ ಮುಟ್ಟಿ.”

ಚೌಕಿಯ ಕಡೆಯಿಂದ ಅಧಿಕಾರಿಯ ಕೂಗು ಬಂತು: “ಏನ್ ಅಲ್ಲಿ ತಡ?”

“ಕೈ ಮುಗೀತಿದ್ದಾರೆ ಸಾರ್!” ಹವಾಲ್ದಾರ ಕದಲದೆ ಕೂಗಿದ.

ಟೀಚರಮ್ಮ ನಿಂತೇ ಇದ್ದರು. ಆಮೇಲೆ ಅವರು ಹೊಸ್ತಿಲು ದಾಟಿ, ಗೋಡೆ ಹಿಡಿದು ಬಾಗಿ, ಬಿಳಿ ಬಟ್ಟೆಯ ಅಡಿಗೆ ಕೈ ತೂರಿಸಿ ಅಜ್ಜನ ಬಲಗೈಯನ್ನು ಹುಡುಕಿದರು. ಹುಡುಕಿದ ಕೈ ಅಲ್ಲೇ ನಿಂತಿತು. ಅವರ ಮುಖ ಮೆಲ್ಲಗೆ ಅಮ್ಮನ ಕಡೆ ತಿರುಗಿತು.

ಟೀಚರಮ್ಮ ಕೈ ಹಿಂದೆಗೆದಾಗ ಅದು ಮುಷ್ಟಿಯಾಗಿತ್ತು. ಬಟ್ಟೆಯ ಅಂಚಿನಿಂದ ಹೊರಗುಳಿದ ಅಜ್ಜನ ಅಂಗೈ ಬರಿದಾಗಿತ್ತು.