ಅತ್ತೆ ಬಿದ್ದ ಇಪ್ಪತ್ತಮೂರು ಫೋಟೋಗಳು

ಅತ್ತೆ ಬಿದ್ದದ್ದು ಒಂದೇ ಸಲ. ಆದರೆ ಅಳಿಯನ ಕ್ಯಾಮೆರಾದಲ್ಲಿ ಆಕೆ ಇಪ್ಪತ್ತಮೂರು ಸಲ ಬಿದ್ದಿದ್ದರು, ಅದೂ ಒಂದಕ್ಕಿಂತ ಒಂದು ಸ್ಪಷ್ಟವಾಗಿ. ಮನೆಗೆ ಕೇಡು ಬಂದದ್ದು ಆ ಸ್ಪಷ್ಟತೆಯಿಂದಲೇ.

ಅಳಿಯ ಫೋಟೋಗ್ರಾಫರ್. ಸ್ಟುಡಿಯೋದಲ್ಲಿ ಕೂರಿಸಿ, ಗಲ್ಲ ಎತ್ತಿಸಿ, ‘ಸ್ವಲ್ಪ ನಗಿ’ ಎನ್ನುವ ಪೈಕಿಯಲ್ಲ. ಓಡುವವರು, ಹಾರುವವರು, ಕುಣಿಯುವವರು, ವೇದಿಕೆ ಹತ್ತುವವರು, ಇಳಿಯುವವರು, ಒಟ್ಟಿನಲ್ಲಿ ಒಂದು ಕಡೆ ನಿಲ್ಲದವರೆಲ್ಲ ಅವನ ಗಿರಾಕಿಗಳು. ಎಡಗಣ್ಣನ್ನು ಮುಚ್ಚಿ ಮುಚ್ಚಿ ಅದು ಬಲಗಣ್ಣಿಗಿಂತ ಚಿಕ್ಕದಾಗಿಹೋಗಿತ್ತು. ಕಸುಬಿನವರೆಲ್ಲ ಅವನನ್ನು ‘ಒಕ್ಕಣ್ಣ’ ಎಂದೇ ಕರೆಯುತ್ತಿದ್ದರು. ಶನಿವಾರ ಬೆಳಿಗ್ಗೆ ಶಾಲೆಯ ಕ್ರೀಡಾಕೂಟ, ಮಧ್ಯಾಹ್ನ ಮದುವೆ, ಸಂಜೆ ಯಾವುದೋ ಕಂಪನಿಯ ವಾರ್ಷಿಕೋತ್ಸವ. ಹೆಗಲಿಗೆ ಎರಡು ಕ್ಯಾಮೆರಾ, ಸೊಂಟಕ್ಕೆ ಮೂರು ಲೆನ್ಸು, ನಾಲ್ಕೂ ಜೇಬಿನಲ್ಲಿ ಬ್ಯಾಟರಿ. ಹೊಟ್ಟೆಗೆ ಮಾತ್ರ ಏನೂ ಇಲ್ಲ, ಏಕೆಂದರೆ ಎಲ್ಲರೂ ಊಟ ಮಾಡುವ ಹೊತ್ತಿನಲ್ಲಿ ಅವರು ಊಟ ಮಾಡುತ್ತಿರುವ ಫೋಟೋ ತೆಗೆಯುವವನು ಅವನೇ. ವಾರದ ಕೊನೆಗೆ ಅವನು ಮನೆಗೆ ತರುತ್ತಿದ್ದದ್ದು ನಾಲ್ಕು ಸಾವಿರ ಫೋಟೋ ಮತ್ತು ಒಂದು ಸೊಂಟನೋವು.

ಆ ನಾಲ್ಕು ಸಾವಿರವನ್ನು ನಾನೂರಕ್ಕೆ ಇಳಿಸುತ್ತಿದ್ದವಳು ಹೆಂಡತಿ. ಒಂದು ಮೇಜು, ಒಂದು ಕಂಪ್ಯೂಟರು, ಎರಡು ಕುರ್ಚಿ. ಕಣ್ಣು ಮುಚ್ಚಿದವರು, ಬಾಯಿ ಬಿಟ್ಟವರು, ಆಕಳಿಸುತ್ತಿರುವ ಮುಖ್ಯ ಅತಿಥಿ, ಮದುಮಗನ ಕಿವಿಯ ಹಿಂದಿನಿಂದ ಇಣುಕುವ ಯಾರದೋ ಮೂಗು, ಎಲ್ಲವನ್ನೂ ಅವಳು ಮುಲಾಜಿಲ್ಲದೆ ಅಳಿಸುತ್ತಿದ್ದಳು. ಅವನಿಂದ ಆಗದ ಕೆಲಸ ಅದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ, ತಾನು ತೆಗೆದ ಮಸುಕು ಮೊಣಕೈಯಲ್ಲೂ ಅವನಿಗೆ ಏನೋ ಒಂದು ಚಂದ ಕಾಣುತ್ತಿತ್ತು. ಅವರ ಹರಟೆ, ಜಗಳ, ಒಟ್ಟು ಸಂಸಾರದ ಮುಕ್ಕಾಲು ಪಾಲು ನಡೆದದ್ದು ಆ ಎರಡು ಕುರ್ಚಿಗಳ ಮೇಲೆಯೇ.

ಅಲ್ಲಿಯೇ ಒಮ್ಮೆ ಅವನು ಜಂಬದಿಂದ ತನ್ನ ವಿದ್ಯೆಯ ಗುಟ್ಟನ್ನೂ ಹೇಳಿದ್ದ. “ಕಣ್ಣಲ್ಲಿ ನೋಡಿ ಆಮೇಲೆ ಒತ್ತಿದ್ರೆ ಫೋಟೋ ಕೆಟ್ಟ ಹಾಗೇ ಲೆಕ್ಕ. ಕಣ್ಣಿಗೆ ಕಾಣೋ ಹೊತ್ತಿಗೆ ಅದು ಮುಗಿದೇ ಹೋಗಿರುತ್ತೆ. ಏನಾಗುತ್ತೆ ಅನ್ನೋದು ಮೊದಲೇ ಗೊತ್ತಾಗ್ಬೇಕು. ಹಾರೋನ ಮುಖ ನೋಡೋದಲ್ಲ, ಮೊಣಕಾಲು ನೋಡ್ಬೇಕು. ಅದು ಬಗ್ತು ಅಂದ್ರೆ ಬೆರಳು ತಾನಾಗೇ ಒತ್ಬಿಡ್ಬೇಕು.” ಅವಳು ಮೆಚ್ಚಿ ತಲೆದೂಗಿದ್ದಳು. ಪಾಪ, ತನ್ನ ಗುಂಡಿಯನ್ನು ತಾನೇ ತೋಡಿಕೊಂಡೆ ಎಂದು ಅವನಿಗೆ ಆಗ ಹೇಗೆ ಗೊತ್ತಾಗಬೇಕು?

ಅತ್ತೆ ಮೂವತ್ತನಾಲ್ಕು ವರ್ಷ ಶಾಲೆಯ ಡ್ರಿಲ್ ಟೀಚರ್ ಆಗಿದ್ದವರು. ಸೀಟಿ ಬಿಟ್ಟು ಹತ್ತು ವರ್ಷವಾಗಿದ್ದರೂ ಗಂಟಲಲ್ಲಿ ಅದರ ದನಿ ಹಾಗೇ ಉಳಿದಿತ್ತು. ಆ ಶಾಲೆಯವರು ಅವರನ್ನು ಕರೆದು ಸನ್ಮಾನ ಮಾಡಿದರು. ಫೋಟೋಗೆ ಅಳಿಯನೇ ಇದ್ದ. ವೇದಿಕೆಯ ಮೆಟ್ಟಿಲಿನ ಕೆಳಗೆ ಒಂದು ಮೊಣಕಾಲೂರಿ, ಬೆಳಕು ಅಳೆದು, ಫೋಕಸನ್ನು ಕೊನೆಯ ಮೆಟ್ಟಿಲಿಗೆ ಕಟ್ಟಿ ಕಾದಿದ್ದ. ಅತ್ತೆ ಫಲಕವನ್ನು ಎದೆಗವಚಿಕೊಂಡು ಸಭಿಕರ ಕಡೆ ನಗುತ್ತ ಇಳಿದರು. ಕೊನೆಯ ಮೆಟ್ಟಿಲು ಇದೆ ಎಂಬುದನ್ನೇ ಅವರು ಮರೆತರು. ಅಳಿಯ ಆಕೆಯಿಂದ ಎರಡು ಮಾರು ದೂರವೂ ಇರಲಿಲ್ಲ. ಕೈ ಚಾಚಿದ್ದರೆ ಸಿಗುತ್ತಿದ್ದರು. ಕೈ ಚಾಚಲಿಲ್ಲ; ಬೆರಳು ಒತ್ತಿತು.

ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಗೆ ಓಡಿಬಂದ ಹೆಂಡತಿ ಕೇಳಿದ ಮೊದಲ ಪ್ರಶ್ನೆ, “ನೀವೆಲ್ಲಿದ್ರಿ?”

“ದೂರದಲ್ಲಿದ್ದೆ. ನೋಡಿದ ತಕ್ಷಣ ಕ್ಯಾಮೆರಾ ಬಿಟ್ಟು ಓಡಿದೆ,” ಅಂದುಬಿಟ್ಟ. ಹೆದರಿದವನ ಬಾಯಲ್ಲಿ ಸುಳ್ಳು ತಾನಾಗೇ ಬರುತ್ತದೆ.

ಸುಳ್ಳು ಹೇಳಿದವನು ಆ ಫೋಟೋಗಳನ್ನು ಅಳಿಸಬೇಕಿತ್ತೋ ಇಲ್ಲವೋ? ಅಳಿಸಲಿಲ್ಲ. ಆಗಲೇ ಹೇಳಿದೆನಲ್ಲ, ಅದು ಅವನಿಂದ ಆಗದ ಕೆಲಸ. ಜೊತೆಗೆ, ದೇವರಾಣೆಗೂ, ಅವು ಅವನ ಜೀವಮಾನದಲ್ಲೇ ಅತ್ಯುತ್ತಮವಾದವು. ಮರುದಿನ ಹೆಂಡತಿ ಎಂದಿನಂತೆ ಕುರ್ಚಿ ಎಳೆದು ಕೂತು ಒಂದೊಂದೇ ಫೋಟೋ ದಾಟುತ್ತ ಅಲ್ಲಿಗೆ ಬಂದಳು. ಎರಡನೆಯದರಲ್ಲಿ ಅಮ್ಮನ ಪಾದ ಗಾಳಿಯಲ್ಲಿ. ಆರನೆಯದರಲ್ಲಿ ಕನ್ನಡಕ ಮೂಗು ಬಿಟ್ಟು ಹೊರಟಿತ್ತು. ಒಂಬತ್ತನೆಯದರಲ್ಲಿ ಅಮ್ಮ, ಫಲಕ, ಕನ್ನಡಕ ಮೂರೂ ನೆಲ ಬಿಟ್ಟಿದ್ದವು, ಹಿಂದೆ ಮುಖ್ಯೋಪಾಧ್ಯಾಯರ ಬಾಯಿ ಗುಹೆಯ ಹಾಗೆ ತೆರೆದಿತ್ತು.

“ಬೆಳಕು ನೋಡು ಹೇಗೆ ಬಿದ್ದಿದೆ,” ಅಂದ ಆ ಪುಣ್ಯಾತ್ಮ.

ಹೆಂಡತಿ ಬೆಳಕು ನೋಡುತ್ತಿರಲಿಲ್ಲ. “ದೂರದಲ್ಲಿದ್ರಿ ಅಂದ್ರಿ. ಇದು ಹತ್ತಿರದ ಲೆನ್ಸು.”

ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ.

ಅವಳು ಮೊದಲನೆಯದಕ್ಕೆ ವಾಪಸು ಹೋದಳು. “ಇದ್ರಲ್ಲಿ ಅಮ್ಮ ಇನ್ನೂ ನಿಂತೇ ಇದ್ದಾರೆ. ಬೀಳೋಕೆ ಮುಂಚೇನೇ ಒತ್ತಿದೀರಿ. ಅಂದ್ರೆ ಬೀಳ್ತಾರೆ ಅಂತ ಗೊತ್ತಿತ್ತು.”

“ನನಗೆ ಗೊತ್ತಿರ್ಲಿಲ್ಲ ಕಣೇ, ಬೆರಳಿಗೆ ಗೊತ್ತಿತ್ತು.”

“ಬೆರಳು ಯಾರ್ದು?”

ಅವಳು ಕೊನೆಯದಕ್ಕೆ ಬಂದಳು. ಇಪ್ಪತ್ತೆರಡು ಫೋಟೋ ಅಡ್ಡಕ್ಕಿದ್ದವು. ಇಪ್ಪತ್ತಮೂರನೆಯದು ಉದ್ದಕ್ಕಿತ್ತು. ಅಮ್ಮ ನೆಲದ ಮೇಲಿದ್ದರು.

“ಕ್ಯಾಮೆರಾ ತಿರುಗಿಸಿದ್ರಿ,” ಅಂದಳು, ಬಹಳ ನಿಧಾನವಾಗಿ. “ನಮ್ಮಮ್ಮ ನೆಲದ ಮೇಲೆ ಬಿದ್ದಿದ್ರು. ನೀವು ಕ್ಯಾಮೆರಾ ತಿರುಗಿಸಿದ್ರಿ.”

“ಅಡ್ಡ ಹಿಡಿದಿದ್ರೆ ಫೋಟೋದಲ್ಲಿ ಕಾಲು ಕಟ್ಟಾಗ್ತಿತ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿ ಎದ್ದು ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದಳು. ಬಾಗಿಲ ಬಳಿ ನಿಂತು, “ನಾಳೆ ನಾನು ಬಿದ್ರೂ ಹೀಗೇ ಅಲ್ವಾ?” ಎಂದು ಕೇಳಿದಳು. ಕೋಪದಲ್ಲಿ ಕೇಳಿದ್ದರೆ ಅವನು ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದ್ದಳು. ಅಂದಿನಿಂದ ಊಟಕ್ಕೆ ಕರೆಯುವುದಕ್ಕೆ ಎಷ್ಟು ಬೇಕೋ ಅಷ್ಟು ಮಾತು ಬಿಟ್ಟರೆ ಬೇರೆ ಮಾತಿಲ್ಲ.

ತಮಾಷೆಯೆಂದರೆ ಬಿದ್ದವರಿಗೆ ಸಿಟ್ಟೇ ಇರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಗಳ ಮನೆಯಲ್ಲೇ ಉಳಿದಿದ್ದ ಅತ್ತೆ, ಇಪ್ಪತ್ತಮೂರೂ ಫೋಟೋಗಳನ್ನು ಕನ್ನಡಕ ಏರಿಸಿ ಪರೀಕ್ಷೆ ಮಾಡಿದರು. “ಛೆ, ಕೈ ಊರಿಬಿಟ್ಟಿದೀನಿ. ಭುಜ ಒಳಗೆ ತಗೊಂಡು ಉರುಳ್ಬೇಕು ಅಂತ ಮಕ್ಕಳಿಗೆ ಮೂವತ್ತನಾಲ್ಕು ವರ್ಷ ಹೇಳ್ಕೊಟ್ಟು, ನಾನೇ ಹೀಗೆ ಬೀಳೋದಾ?” ಎಂದು ತಮ್ಮ ಬೀಳುವಿಕೆಗೆ ತಾವೇ ಅಂಕ ಕಳೆದರು.

ಒಕ್ಕಣ್ಣನ ಕೆಲಸ ಮಾತ್ರ ಕುಸಿದುಬಿತ್ತು. ಒಬ್ಬನೇ ಕೂತು ಆರಿಸುವುದಕ್ಕೆ ಹೋಗಿ, ಆಕಳಿಸುವ ಮುಖ್ಯ ಅತಿಥಿಯನ್ನು ಕಂಪನಿಯ ಆಲ್ಬಮ್ಮಿನ ಮುಖಪುಟಕ್ಕೇ ಹಾಕಿ ಕಳಿಸಿದ. ಆರು ಸಾವಿರ ಫೋಟೋ ರಾಶಿ ಬಿದ್ದವು. ಅದು ಹಾಗಿರಲಿ, ಅವನನ್ನು ತಿನ್ನುತ್ತಿದ್ದದ್ದು ಬಾಗಿಲ ಬಳಿಯ ಆ ಪ್ರಶ್ನೆ. ಅವಳು ಬಿದ್ದರೆ ತಾನು ಏನು ಮಾಡುತ್ತೇನೆ? ಹಿಡಿಯುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಬೆರಳು ಒಪ್ಪಲಿಲ್ಲ.

ಒಂಬತ್ತನೆಯ ದಿನ ನೌಕರರ ಕ್ರೀಡಾಕೂಟ. ಹಳೆಯ ಡ್ರಿಲ್ ಟೀಚರ್ ಎಂದು ಅತ್ತೆಗೆ ತೀರ್ಪುಗಾರರ ಪಕ್ಕ ಕುರ್ಚಿ ಕೊಟ್ಟಿದ್ದರು. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸೇನಾಧಿಪತಿಯ ಗತ್ತಿನಲ್ಲಿ ಕೂತಿದ್ದರು. ಅಳಿಯ ಬೆಳಗಿನಿಂದ ಮೈದಾನದ ಉದ್ದಗಲ ಓಡಾಡಿದ. ಉದ್ದ ಜಿಗಿತಕ್ಕೆ ಮರಳಿನ ಎದುರು ಹೊಟ್ಟೆಯ ಮೇಲೆ ಮಲಗಿದ. ಸೈಕಲ್ಲಿನವರ ಜೊತೆ ಸೊಂಟ ತಿರುಗಿಸಿ ತಿರುಗಿಸಿ, ಸವಾರ ನಿಚ್ಚಳ, ಹಿಂದಿನದೆಲ್ಲ ಗೆರೆ ಗೆರೆ ಬರುವಂತೆ ತೆಗೆದ. ಕೊನೆಗೆ ಐದು ಸಾವಿರ ಮೀಟರ್ ಓಟ. ಗುರಿಯ ಗೆರೆಗೆ ಹದಿನೈದು ಹೆಜ್ಜೆ ಹಿಂದೆ, ಓಟದ ಹಾದಿಯ ಅಂಚಿನಲ್ಲಿ ಮೊಣಕಾಲೂರಿದ.

ಮೊದಲು ಬರುತ್ತಿದ್ದವನು ಗ್ರಂಥಾಲಯದ ಗುಮಾಸ್ತ. ಕಡ್ಡಿಯಂಥ ಆಸಾಮಿ, ಹನ್ನೊಂದು ವರ್ಷದಿಂದ ಓಡಿ ಹನ್ನೊಂದು ವರ್ಷವೂ ಸಮಾಧಾನಕರ ಬಹುಮಾನ ಪಡೆದವನು. ಇಂದು ಎರಡನೆಯವನಿಗೂ ಅವನಿಗೂ ನಲವತ್ತು ಹೆಜ್ಜೆ ಅಂತರ. ಗ್ರಂಥಾಲಯದವರೆಲ್ಲ ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದರು. ಒಕ್ಕಣ್ಣ ಅವನ ಮೊಣಕಾಲು ನೋಡಿದ. ಅದು ನಡುಗಿತು, ಒಳಕ್ಕೆ ಬಗ್ಗಿತು.

ಬೀಳುತ್ತಾನೆ ಎಂದು ಬೆರಳಿಗೆ ಗೊತ್ತಾಯಿತು. ಈ ಸಲ ಅವನಿಗೂ ಗೊತ್ತಾಯಿತು. ಕ್ಯಾಮೆರಾ ಬಿಸಾಕಿ, ಎರಡೂ ಕೈ ಚಾಚಿ ಮುನ್ನುಗ್ಗಿದ.

“ಮುಟ್ಬೇಡಾ!” ಎಂದು ತೀರ್ಪುಗಾರರ ಕಡೆಯಿಂದ ಅತ್ತೆ ಚೀರಿದರು. ಇಡೀ ಮೈದಾನಕ್ಕೆ ಕೇಳಿಸಿತು, ಅವನಿಗೂ ಕೇಳಿಸಿತು. ಆದರೆ ಆ ಹೊತ್ತಿಗೆ ಗುಮಾಸ್ತ ಅವನ ತೋಳಿನಲ್ಲಿದ್ದ, ತೊಟ್ಟಿಲಲ್ಲಿಟ್ಟ ಕೂಸಿನ ಹಾಗೆ.

“ಬಿಡ್ರೀ!” ಗುಮಾಸ್ತ ಕೊಸರಿಕೊಂಡ. “ಬಿಡ್ರೀ ನನ್ನ! ಬೀಳ್ತೀನಿ, ಏಳ್ತೀನಿ, ನಿಮಗೇನು?” ಕೊಸರಿಕೊಂಡೇ ಹೋಗಿ ಗೆರೆ ದಾಟಿದ, ಮೊದಲನೆಯವನಾಗಿಯೇ. ಆದರೆ ಓಡುವವನಿಗೆ ಹೊರಗಿನವರು ಕೈ ಕೊಡುವಂತಿಲ್ಲ. ಕೊಟ್ಟರೆ ಓಟದಿಂದ ಹೊರಗೆ.

ಗುಮಾಸ್ತನನ್ನು ಹೊರಗೆ ಹಾಕಲು ತೀರ್ಪುಗಾರರಿಗೆ ಮನಸ್ಸಿರಲಿಲ್ಲ. “ಮುಟ್ಟಿದ್ರೋ, ಇಲ್ಲ ಹತ್ತಿರ ಹೋಗಿದ್ರೋ? ಫೋಟೋ ಇದ್ಯಾ?” ಎಂದು ಕೇಳಿದರು. ಫೋಟೋ ಎಲ್ಲಿಂದ ಬರಬೇಕು? ಫೋಟೋ ತೆಗೆಯಬೇಕಾದವನೇ ತಪ್ಪಿತಸ್ಥ. “ಹಾಗಾದ್ರೆ ಸಾಕ್ಷಿ ಇಲ್ಲ, ಬಿಟ್ಬಿಡೋಣ,” ಎಂದು ಅವರು ಪದಕದ ಕಡೆ ತಿರುಗಿದರು.

ಅತ್ತೆ ಎದ್ದು ನಿಂತರು. “ನಾನಿದೀನಿ ಸಾಕ್ಷಿ. ಮುಟ್ಟಿದ್ದು ನಮ್ಮ ಅಳಿಯ. ಎರಡೂ ಕೈಯಲ್ಲಿ ಮುಟ್ಟಿದ್ದಾನೆ. ನಿಯಮ ಅಂದ್ರೆ ನಿಯಮ.” ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು, ಆದರೂ ಹೇಳಿದರು. ಗುಮಾಸ್ತನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಲ್ಲಿನ ಮೇಲೆ ಕೂತು, ಬೂಟು ಬಿಚ್ಚಿ, ಒಕ್ಕಣ್ಣನನ್ನು ಒಮ್ಮೆ ನೋಡಿದ. ಹೊಡೆದಿದ್ದರೂ ವಾಸಿಯಿತ್ತು.

ಮನೆಗೆ ಬಂದದ್ದೇ ಅತ್ತೆ ಮಗಳಿಗೆ ವರದಿ ಒಪ್ಪಿಸಿದರು. “ಗೆಲ್ತಾ ಇದ್ದವನ್ನ ಹಿಡಿದು ಸೋಲಿಸಿಬಿಟ್ಟ ನಿನ್ನ ಗಂಡ! ಹಿಡಿಯೋಕೆ ಬರುತ್ತೆ ಇವನಿಗೆ, ಯಾರನ್ನ ಅಂತ ಮಾತ್ರ ಗೊತ್ತಿಲ್ಲ.”

ಹೆಂಡತಿ ಕ್ಯಾಮೆರಾ ಎತ್ತಿಕೊಂಡಳು. ಲೆನ್ಸಿನ ಅಂಚು ಒಡೆದಿತ್ತು, ಒಳಗೆ ಕೆಮ್ಮಣ್ಣು. ಫೋಟೋಗಳನ್ನು ಹಿಂದಿನಿಂದ ನೋಡುತ್ತ ಬಂದಳು. ಕೊನೆಯದರಲ್ಲಿ ಗುಮಾಸ್ತ ಇನ್ನೂ ನೆಟ್ಟಗೆ ಓಡುತ್ತಿದ್ದ.

“ಬೀಳೋದು ಒಂದೂ ಇಲ್ಲ,” ಅಂದಳು.

“ಒಂದೂ ಇಲ್ಲ.”

“ಬೆರಳಿಗೆ ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು.” ಅವನು ತಲೆ ತಗ್ಗಿಸಿದ. “ಅವತ್ತು ನೀನು ಕೇಳಿದ್ಯಲ್ಲ, ಅದಕ್ಕೆ ಉತ್ತರ ನನಗೂ ಗೊತ್ತಿರ್ಲಿಲ್ಲ. ನಿನ್ನನ್ನೂ ಹಿಡಿಯಲ್ವೇನೋ ಅಂತ ಹೆದರಿಕೊಂಡಿದ್ದೆ. ಒಂಬತ್ತು ದಿನದಿಂದ ಅದೇ ಹೆದರಿಕೆ.”

ಅವಳಿಗೆ ಅಳು ಬಂತು, ಹಿಂದೆಯೇ ನಗುವೂ ಬಂತು. ಗಂಡನ ತೋಳಿನಲ್ಲಿ ಕೊಸರಾಡುವ ಕಡ್ಡಿ ಗುಮಾಸ್ತನನ್ನು ನೆನೆದು ಗೋಡೆಗೆ ಒರಗಿಕೊಂಡು ನಕ್ಕಳು. ಒಳಗಿನಿಂದ ಅತ್ತೆಯ ದನಿ ಬಂತು. “ಇವನಿಗೆ ಉತ್ತರ ಸಿಗೋಕೆ ಆ ಪಾಪದವನ ಪದಕ ಹೋಗ್ಬೇಕಿತ್ತಾ?”

ನಗು ನಿಂತಿತು. ಹೆಂಡತಿ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು. “ನಡೀರಿ, ಅವರ ಮನೆಗೆ ಹೋಗಿ ಕ್ಷಮೆ ಕೇಳಿ.”

“ಹೊಡೀತಾನೇನೋ.”

“ಹೊಡೀಲಿ,” ಅಂದಳು ಅವಳು, ಬಾಗಿಲು ತೆಗೆಯುತ್ತ. “ನೀವು ಬಿದ್ರೆ ನಾನು ಹಿಡ್ಕೋತೀನಿ.”