ಎಂಬತ್ತಕ್ಕೆ ನಿಲ್ಲಿಸಿದ್ದು

"ಈ ಬ್ಯಾಟರಿ ವೈರ್ ಕಿತ್ತು ಕಾರಿಗೆ ಹಾಕಿ, ಅಳಿಯಂದ್ರೆ," ಎಂದರು ಅತ್ತೆ, ಮೂಗಿನ ಆಕ್ಸಿಜನ್ ನಳಿಕೆಯನ್ನು ಸರಿಪಡಿಸಿಕೊಳ್ಳುತ್ತ. "ಅರ್ಧ ಗಂಟೆ ತಡ್ಕೋತೀನಿ."

"ನಾಲ್ಕು ಮೆಟ್ಟಿಲು ಹತ್ತೋಕೇ ನಿಮ್ಮ ಕೈಲಿ ಆಗಲ್ಲ."

"ನಾನ್ಯಾಕೆ ಮೆಟ್ಟಿಲು ಹತ್ಲಿ? ಲಿಫ್ಟ್ ರಿಪೇರಿ ಮಾಡೋ ಅಳಿಯ ಇಲ್ವಾ?"

ಅವನಿಗೆ ನಗು ಬರಲಿಲ್ಲ. ಏರುರಸ್ತೆಯ ಅಂಚಿನಲ್ಲಿ ಎಲೆಕ್ಟ್ರಿಕ್ ಕಾರು ನಿಂತಿತ್ತು; ಡ್ಯಾಶ್‌ಬೋರ್ಡಿನಲ್ಲಿ ಚಾರ್ಜ್ ಎರಡು ಪರ್ಸೆಂಟ್. ಆಸ್ಪತ್ರೆ ಇನ್ನೂ ಒಂಬತ್ತು ಕಿಲೋಮೀಟರ್ ಮೇಲೆ. ದಾರಿಯಲ್ಲಿದ್ದ ಒಂದೇ ಒಂದು ಚಾರ್ಜರ್ ಕೆಟ್ಟು ಕೂತಿತ್ತು. ಅತ್ತೆಯ ಪಕ್ಕದಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ಬ್ಯಾಟರಿ ಪೆಟ್ಟಿಗೆ. ಕಾರಿಗೆ ಕಷ್ಟಕಾಲಕ್ಕಿರಲಿ ಎಂದು ಕೊಂಡದ್ದು, ಈಗ ಆಕ್ಸಿಜನ್ ಯಂತ್ರವನ್ನು ನಡೆಸುತ್ತಿತ್ತು. ಅದರಲ್ಲಿ ಇಪ್ಪತ್ತೆರಡು ಪರ್ಸೆಂಟ್. ಯಂತ್ರಕ್ಕಾದರೆ ಒಂದು ಗಂಟೆ. ಕಾರಿಗೆ ಕೊಟ್ಟರೆ, ಈ ಏರಿನಲ್ಲಿ, ಒಂದೂವರೆ ಕಿಲೋಮೀಟರ್.

ಹಾಸಿಗೆ ಗೊತ್ತುಮಾಡಲು ಮೊದಲೇ ಆಸ್ಪತ್ರೆಗೆ ಹೋಗಿದ್ದ ಹೆಂಡತಿ ಫೋನ್ ಮಾಡಿದಳು.

"ಆಂಬ್ಯುಲೆನ್ಸ್‌ಗೆ ಎರಡು ಗಂಟೆ ಆಗುತ್ತಂತೆ. ಪೆಟ್ಟಿಗೆ ಫುಲ್ ಇದೆ ತಾನೆ?"

"ಚಾರ್ಜ್ ಎಂಬತ್ತಕ್ಕೆ ನಿಲ್ಲಿಸಿದ್ದೆ," ಎಂದ. "ಕಾರನ್ನೂ."

ಹದಿನಾರು ವರ್ಷ ಲಿಫ್ಟಿನ ಬ್ಯಾಟರಿಗಳನ್ನು ನೋಡಿಕೊಂಡವನ ಕೈ, ನಿನ್ನೆ ರಾತ್ರಿ ತಾನಾಗಿಯೇ ಮಾಡಿದ ಕೆಲಸ ಅದು.

"ಬ್ಯಾಟರಿ ಬಾಳಿಕೆ ಬರಲಿ ಅಂತಾನಾ?" ಎಂದಳು ಹೆಂಡತಿ.

ಅವನು ಕನ್ನಡಿಯಲ್ಲಿ ಅತ್ತೆಯ ತುಟಿಯ ಬಣ್ಣ ನೋಡುತ್ತಿದ್ದ. ಕರೆಂಟು ಹೋದಾಗ ಲಿಫ್ಟು ಮೇಲಕ್ಕೆ ಹತ್ತುವುದಿಲ್ಲ. ಒಳಗಿದ್ದವರು ಯಾವ ಗುಂಡಿ ಒತ್ತಿದ್ದರೂ, ಉಳಿದ ಬ್ಯಾಟರಿಯಲ್ಲಿ ಹತ್ತಿರದ ಮಹಡಿಗೆ ಇಳಿದು ಬಾಗಿಲು ತೆರೆಯುತ್ತದೆ. ಬರುವಾಗ ನಾಲ್ಕು ಕಿಲೋಮೀಟರ್ ಕೆಳಗೆ ಮರ ಕೊಯ್ಯುವ ಮಿಲ್ಲೊಂದು ಕಂಡಿತ್ತು. ಗರಗಸ ಓಡುತ್ತಿತ್ತು.

"ಆಂಬ್ಯುಲೆನ್ಸ್‌ನವರಿಗೆ ಕೆಳಗಿನ ಮರದ ಮಿಲ್ಲಿಗೆ ಬರೋಕೆ ಹೇಳು," ಎಂದು ಫೋನಿಟ್ಟು ಕಾರು ತಿರುಗಿಸಿದ.

"ಆಸ್ಪತ್ರೆ ಮೇಲಿದೆ ಕಣಪ್ಪಾ."

"ಕರೆಂಟು ಕೆಳಗಿದೆ, ಅತ್ತೆ."

ಎಸಿ ಆರಿಸಿ, ಕಿಟಕಿ ಇಳಿಸಿ, ಕಾರನ್ನು ಇಳಿಜಾರಿಗೆ ಬಿಟ್ಟ. ಪ್ರತಿ ತಿರುವಿನಲ್ಲೂ ಕಣ್ಣು ಕನ್ನಡಿಗೆ ಹೋಗುತ್ತಿತ್ತು.

"ಮುಂದೆ ನೋಡ್ಕೊಂಡು ಓಡ್ಸಿ," ಎಂದರು ಅತ್ತೆ, ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತ. "ನಾನೆಲ್ಲೂ... ಇಳಿದು ಹೋಗಲ್ಲ."

ಮಿಲ್ಲಿನವನು ನಳಿಕೆಯನ್ನೂ ಯಂತ್ರವನ್ನೂ ನೋಡಿದವನೇ ಗರಗಸ ನಿಲ್ಲಿಸಿದ. ಅಲಗು ಅರ್ಧ ಸೀಳಿದ ದಿಮ್ಮಿಯೊಳಗೇ ನಿಂತಿತು. ಹಲಗೆಗಳ ಮೇಲೆ ಗೋಣಿ ಹಾಸಿ ಅತ್ತೆಯನ್ನು ಕೂರಿಸಿದರು.

ಗೋಡೆಯ ಸಾಕೆಟ್ಟು ಸಡಿಲ. ಕೈ ಬಿಟ್ಟರೆ ಯಂತ್ರದ ಹಸಿರು ದೀಪ ಮಿಣುಕುತ್ತಿತ್ತು. ಅವನು ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಗೋಡೆಗೆ ಮುಖಮಾಡಿ ನಿಂತ.

"ಎಷ್ಟು ಹೊತ್ತು ನಿಂತಿರ್ತೀರಿ? ಕೂತ್ಕೊಳ್ಳಿ, ಅಳಿಯಂದ್ರೆ."

ಅವನು ಕೂರಲಿಲ್ಲ. ಹೆಬ್ಬೆರಳಿನ ಉಗುರು ಬಿಳಿಚಿಕೊಂಡಿತ್ತು. ಅದರ ಮೇಲೆ ಮರದ ಹುಡಿ ಮೆಲ್ಲಗೆ ಬಂದು ಕೂರುತ್ತಿತ್ತು.