ಮೆಂತ್ಯದ ಡಬ್ಬಿಯಲ್ಲಿ ಪಾರ್ವತಿಯ ಲಗ್ನ

ತಪ್ಪು ನನ್ನದೇ. ಸುತ್ತಿ ಬಳಸಿ ಹೇಳುವ ಜಾಯಮಾನ ನನ್ನದಲ್ಲ.

ನನ್ನತ್ತೆ ನೀಲಗಂಗವ್ವನಿಗೆ ಸಂಜೆ ಏಳೂವರೆಯ ಶಿವ-ಪಾರ್ವತಿ ಧಾರಾವಾಹಿ ಎಂದರೆ ಪೂಜೆಯೇ. ಮೈ ತೊಳೆದು, ವಿಭೂತಿ ಹಚ್ಚಿಕೊಂಡು ಕೂರುವರು. ಶಿವ ಬಂದೊಡನೆ ಎದ್ದು ಟಿ.ವಿ. ನೆತ್ತಿಗೆ ಬಿಲ್ವಪತ್ರೆ ಏರಿಸುವರು. ಈಗಿನ ತೆಳು ಟಿ.ವಿ.ಗೆ ನೆತ್ತಿ ಎಲ್ಲಿಂದ ಬರಬೇಕು? ಪತ್ರೆಯೆಲ್ಲ ಹಿಂದೆ ಬೀಳುತ್ತಿತ್ತು, ಬೆಳಿಗ್ಗೆ ಗುಡಿಸುವವಳು ನಾನು. ಅದನ್ನೂ ಸಹಿಸಿದ್ದೆ.

ಆದರೆ ಬನವಾಸಿಯಿಂದ ನನ್ನಣ್ಣ ಬೈಕಿನಲ್ಲಿ ದಾಸನಕೊಪ್ಪಕ್ಕೆ, ನಮ್ಮ ಮನೆಗೆ ಬಂದ ಸಂಜೆ ಪಾರ್ವತಿ ತಪಸ್ಸಿಗೆ ಕೂತಿದ್ದಳು. ಅತ್ತೆ ತಿರುಗಿ 'ಬಾ' ಎನ್ನಲಿಲ್ಲ. ತವರಿನವರಿಗೆ ಅವಮಾನವಾದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮರುದಿನ ಡಿಶ್ ಬಾಕ್ಸಿನ ವೈರು ಕಿತ್ತು ಮೆಂತ್ಯದ ಡಬ್ಬಿಯಲ್ಲಿ ಹುಗಿದೆ. ಬಾಕ್ಸ್ ಕೆಟ್ಟಿದೆ ಎಂದು ಸುಳ್ಳು ಹೇಳಿದೆ.

ಅಂದಿನಿಂದ ಅತ್ತೆ ರೊಟ್ಟಿ ಬಿಟ್ಟರು. ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. ಟಿ.ವಿ.ಗಾಗಿ ಮುನಿಸು ಎಂದುಕೊಂಡೆ. ಹೊಟ್ಟೆ ಚುರುಗುಟ್ಟಿದರೆ ತಾನಾಗಿ ಇಳಿಯುತ್ತದೆ ಎಂದು ಗಂಡನ ಬಾಯಿ ಮುಚ್ಚಿಸಿದೆ.

ಎಂಟನೇ ದಿನ ಹಿತ್ತಲಲ್ಲಿ ಕೊಡ ಹಿಡಿದಲ್ಲೇ ಕುಸಿದರು. ಓಡಿಬಂದ ಪಕ್ಕದ ಮನೆಯ ಜ್ಯೋತಿ ನನ್ನನ್ನೇ ಕೇಳಿದಳು: "ಪಾರ್ವತಿ ತಪಸ್ಸಿಗೆ ಕುಂತ ದಿನಾನ ನಿಮ್ಮತ್ತಿ, ಆಕಿ ಲಗ್ನ ಆಗೋತನಕ ರೊಟ್ಟಿ ಮುಟ್ಟಂಗಿಲ್ಲಂತ ಹರಕಿ ಹೊತ್ತಿದ್ರು. ಲಗ್ನಾಗಿ ನಾಕ್ ದಿನ ಆತಲ್ಲ, ನೀವು ನೋಡ್ಲಿಲ್ಲೇನು?"

ನಾಲ್ಕು ದಿನ ಆ ಮುದಿಜೀವವನ್ನು ನಾನು ಸುಮ್ಮಸುಮ್ಮನೆ ಉಪವಾಸ ಕೆಡವಿದ್ದೆ.

ಡಾಕ್ಟರು ಗ್ಲುಕೋಸ್ ಏರಿಸಿ ಹೋದ ಮೇಲೆ ಹಾಸಿಗೆಯ ಬಳಿ ಕುಕ್ಕರಿಸಿದೆ. "ಅತ್ತಿ, ಲಗ್ನ ಆಗೇತಿ. ವೈರು ನಾನಾ ಬಚ್ಚಿಟ್ಟಿದ್ದೆ."

"ಮೆಂತ್ಯದ ಡಬ್ಬ್ಯಾಗ," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಎರಡನೇ ದಿನಾನ ನೋಡೀನಿ."

ಮತ್ತೆ ಹಾಕಿಕೊಳ್ಳಲಿಲ್ಲವೇಕೆ ಎಂದು ಅಳುತ್ತಾ ಕೇಳಿದೆ.

"ಮನಿಗೆ ಬಂದ ನಿಮ್ಮಣ್ಣಗ ಒಂದ್ ತಂಬಿಗಿ ನೀರು ಕೊಡ್ಲಿಲ್ಲ ನಾನು. ಯಾವ ಮುಖ ಹೊತ್ತು ಶಿವನ್ನ ನೋಡ್ಲಿ?"

ರೊಟ್ಟಿಯನ್ನು ಹಾಲಲ್ಲಿ ಕಿವುಚಿ ಬಾಯಿಗಿಟ್ಟೆ, ತಿಂದರು.

ಈಗ ಏಳೂವರೆಗೆ ನಾನೇ ಟಿ.ವಿ. ಹಚ್ಚುತ್ತೇನೆ. ಅತ್ತೆ ವಿಭೂತಿ ಹಚ್ಚಿಕೊಂಡು, ಪಕ್ಕದಲ್ಲಿ ತುಂಬಿದ ತಂಬಿಗೆ ಇಟ್ಟುಕೊಂಡು, ಯಾರಾದರೂ ಬಂದಾರೆಂದು ಬಾಗಿಲಿನತ್ತ ಮುಖ ಮಾಡಿ ಕೂರುತ್ತಾರೆ. ಶಿವ ಬಂದಾಗ ನಾನೇ ಕರೆದು ಹೇಳಬೇಕು.